ಹಿನ್ನೆಲೆ ಸಂಗೀತದ ಎರಡನೆಯ ಜನ್ಮ

ಸಂಗೀತ ರಸಿಕರಲ್ಲಿ ಪಂಗಡಗಳು ಹಲವು. ಒಬ್ಬರಿಗೆ ಗಾಯನವೇ ಸಂಗೀತ. ಇನ್ನೊಬ್ಬರಿಗೆ ವೀಣೆಯ ತಾನವನ್ನು ಕೇಳದೆ ತೃಪ್ತಿಯಿಲ್ಲ. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ನಮಗೆ ಅಷ್ಟಾಗಿ ಪರಿಚಯವಿಲ್ಲದ ಪಂಗಡವೊಂದಿದೆ. ಅವರು ಚಲನಚಿತ್ರದ ಹಾಡಿಗೆ ಒಲಿದವರಲ್ಲ. ಚಿತ್ರದಲ್ಲಿ ಮಾತಿನ ಹಿಂದೆ, ಮೌನದ ನಡುವೆ, ನೋಡುವವನ ಗಮನಕ್ಕೆ ಬಂದೂ ಬಾರದಂತೆ ನುಡಿಯುವ ವಾದ್ಯಮೇಳದ ಸಂಗೀತಕ್ಕೆ ಒಲಿದವರು. ಹಳೆಯ ಚಿತ್ರವೊಂದರ ಹಿನ್ನೆಲೆ ಸಂಗೀತ ಸಿ.ಡಿ. ರೂಪದಲ್ಲಿ ಹೊಸದಾಗಿ ಬರುತ್ತದೆಂಬ ಸುದ್ದಿ ಹೊರಟರೆ ಸಾಕು, ಅವರಿಗೆ ಹಬ್ಬ. ಮೊದಲೇ ಹಣ ಕಟ್ಟಿ ಅಂಚೆಯವನ ದಾರಿ ಕಾಯುತ್ತಾರೆ. ಪೊಟ್ಟಣ ಕೈಗೆ ಬಂದ ದಿನ ಊಟ ತಡವಾದರೂ ಚಿಂತೆಯಿಲ್ಲ. ಜೊತೆಗಿರುವ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾವ ಸನ್ನಿವೇಶದ ಸಂಗೀತ ಎಷ್ಟು ನಿಮಿಷವಿದೆ, ಹಿಂದಿನ ಮುದ್ರಿಕೆಯಲ್ಲಿ ಬಿಟ್ಟುಹೋಗಿದ್ದದ್ದು ಇದರಲ್ಲಿ ಬಂದಿದೆಯೆ ಎಂದು ಲೆಕ್ಕ ಹಾಕಿಯೇ ಅವರಿಗೆ ಸಮಾಧಾನ.

ಇಂಥ ರಸಿಕನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನು ಕೇಳಲು ಕೊಟ್ಟ ನಾಲ್ಕಾರು ಸಿ.ಡಿ.ಗಳು ಈಚೆಗೆ ಕೆಲವು ವಾರ ನನ್ನ ಮೇಜಿನ ಮೇಲಿದ್ದವು. ಅವನ ಸಡಗರವನ್ನು ಕಂಡು ನಕ್ಕುಬಿಡುವುದು ಸುಲಭ. ಆದರೆ ಸಾಹಿತ್ಯವನ್ನು ಪಾಠ ಹೇಳುವವನಿಗೆ ಈ ಸಡಗರದಲ್ಲಿ ವಿಚಾರ ಮಾಡಬೇಕಾದ ಒಂದೆರಡು ಪ್ರಶ್ನೆಗಳು ಕಾಣುತ್ತವೆ. ಅವನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮೊದಲನೆಯ ಪ್ರಶ್ನೆ ಅಲಂಕಾರಶಾಸ್ತ್ರದ್ದು. ಚಿತ್ರದ ಹಿನ್ನೆಲೆ ಸಂಗೀತದ ಕೆಲಸವೇನು? ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಅದು ಉದ್ದೀಪನ ವಿಭಾವ. ಬೆಳದಿಂಗಳು, ಕೋಗಿಲೆಯ ದನಿ, ತಂಗಾಳಿ ಇವು ಹೇಗೆ ಭಾವವನ್ನು ಕೆರಳಿಸುತ್ತವೆಯೋ ಹಾಗೆ ಸಂಗೀತವೂ ತೆರೆಯ ಮೇಲಿನ ಭಾವವನ್ನು ಕೆರಳಿಸುತ್ತದೆ. ನಾಯಕನೂ ನಾಯಿಕೆಯೂ ಇಲ್ಲದೆ ಬರಿಯ ಬೆಳದಿಂಗಳಿಂದ ಶೃಂಗಾರ ಹುಟ್ಟೀತೆ? ಆಲಂಬನವನ್ನು ಕಿತ್ತುಹಾಕಿ ಉದ್ದೀಪನವನ್ನು ಮಾತ್ರ ತಟ್ಟೆಯ ಮೇಲೆ ಮುದ್ರಿಸಿ ಮಾರಿದರೆ ರಸ ಎಲ್ಲಿಂದ ಬರಬೇಕು? ಆಕ್ಷೇಪ ಬಲವಾದದ್ದೇ. ಇದಕ್ಕೆ ಉತ್ತರವೂ ನಮ್ಮ ಅನುಭವದಲ್ಲಿಯೇ ಇದೆ. 'ಶಾಕುಂತಲ' ದೃಶ್ಯಕಾವ್ಯ, ಆಡಿ ತೋರಿಸುವುದಕ್ಕಾಗಿ ಬರೆದದ್ದು. ಆದರೂ ಅದನ್ನು ರಂಗದ ಮೇಲೆ ನೋಡಿದವರಿಗಿಂತ ಮನೆಯಲ್ಲಿ, ತರಗತಿಯಲ್ಲಿ ಓದಿ ಆನಂದಪಟ್ಟವರೇ ನಮ್ಮಲ್ಲಿ ಹೆಚ್ಚು. ರಂಗವನ್ನು ಬಿಟ್ಟುಬಂದ ಮೇಲೂ ನಿಲ್ಲುವ ಸತ್ವ ಆ ಕೃತಿಗಿದೆ. ಎಲ್ಲ ನಾಟಕಗಳಿಗೂ ಅದಿಲ್ಲ. ಚಿತ್ರಸಂಗೀತದ ಮಾತೂ ಹೀಗೆಯೇ. ಕೆಲವು ಚಿತ್ರದೊಡನೆ ಹುಟ್ಟಿ ಚಿತ್ರದೊಡನೆ ಮುಗಿಯುತ್ತವೆ. ಕೆಲವು ತೆರೆಯಿಂದ ಇಳಿದುಬಂದು ಸ್ವತಂತ್ರವಾಗಿ ಬಾಳುತ್ತವೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಅದನ್ನು ಬೇರೆಯಾಗಿ ಕೇಳುವ ಅನುಕೂಲವಿರಬೇಕು. ಆ ಅನುಕೂಲವನ್ನು ಒದಗಿಸುವುದೇ ಈ ಸಿ.ಡಿ.ಗಳ ಮೊದಲ ಉಪಕಾರ.

ಈ ಉಪಕಾರ ಸುಲಭವಾಗಿ ಆದದ್ದಲ್ಲ. ಹಾಲಿವುಡ್ಡಿನ ಚಿತ್ರಸಂಸ್ಥೆಗಳು ಬಹುಕಾಲ ತಮ್ಮ ಸಂಗೀತವನ್ನು ಉಡಿಗೆತೊಡಿಗೆಗಳಂತೆ, ರಟ್ಟಿನ ಅರಮನೆಗಳಂತೆ ಕಂಡವು. ಚಿತ್ರ ಮುಗಿದರೆ ಅದರ ಕೆಲಸವೂ ಮುಗಿಯಿತು. ಎಂ.ಜಿ.ಎಂ. ಸಂಸ್ಥೆ ತನ್ನ ಸಂಗೀತ ಭಂಡಾರದ ಸ್ವರಲಿಪಿಗಳನ್ನು 1970ರ ಆಸುಪಾಸಿನಲ್ಲಿ ಕಸದಂತೆ ಹೊರಹಾಕಿ ಮಣ್ಣುಪಾಲು ಮಾಡಿತು. ಆಮೇಲೆ ಅವು ಬೇಕೆನಿಸಿದಾಗ ಜಾನ್ ವಿಲ್ಸನ್ ಎಂಬ ಇಂಗ್ಲಿಷ್ ವಾದ್ಯಮೇಳ ನಿರ್ದೇಶಕ ಚಿತ್ರಗಳ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಕಿವಿಯಿಂದಲೇ ಒಂದೊಂದು ವಾದ್ಯದ ಸ್ವರವನ್ನೂ ಬರೆದುಕೊಂಡು ಹೊಸ ಲಿಪಿ ಸಿದ್ಧಪಡಿಸಬೇಕಾಯಿತು. 2009ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಅದನ್ನು ನುಡಿಸಲಾಯಿತು. ಅದಕ್ಕೂ ಹಿಂದೆ, 1972ರಲ್ಲಿ, ಚಾರ್ಲ್ಸ್ ಗೆರ್‌ಹಾರ್ಟ್ ಎಂಬಾತ ಕಾರ್ನ್‌ಗೋಲ್ಡನ ಚಿತ್ರಸಂಗೀತವನ್ನು ಲಂಡನ್ನಿನಲ್ಲಿ ಹೊಸದಾಗಿ ನುಡಿಸಿ ಗ್ರಾಮಫೋನು ತಟ್ಟೆಯಾಗಿ ತಂದ. ಅದರ ಹಿಂದೆ ಒಂದು ಮಾಲೆಯೇ ಬಂದಿತು. 1974ರಲ್ಲಿ ಎಲ್ಮರ್ ಬರ್ನ್‌ಸ್ಟೀನ್, ತಾನೇ ಹೆಸರಾಂತ ಸಂಗೀತಕಾರನಾಗಿದ್ದರೂ, ಚಂದಾದಾರರನ್ನು ಕೂಡಿಸಿ, ಸಹೋದ್ಯೋಗಿಗಳ ಮರೆತುಹೋದ ಕೃತಿಗಳನ್ನು ಮುದ್ರಿಸಲು ಹೊರಟ. ನಿರ್ದೇಶಕ ಹಿಚ್‌ಕಾಕ್ 1966ರಲ್ಲಿ ಬೇಡವೆಂದು ತಳ್ಳಿದ್ದ ಬರ್ನಾರ್ಡ್ ಹರ್‌ಮನ್ನನ 'ಟಾರ್ನ್ ಕರ್ಟನ್' ಸಂಗೀತ ಬೆಳಕು ಕಂಡದ್ದು ಹೀಗೆ. ಇಂದು ಇಂಟ್ರಾಡ, ಲಾ-ಲಾ ಲ್ಯಾಂಡ್ ಮುಂತಾದ ಸಣ್ಣ ಪ್ರಕಾಶನಗಳು ಆ ಕೆಲಸವನ್ನು ಮುಂದುವರಿಸಿವೆ. ಚಿತ್ರಸಂಸ್ಥೆಯಿಂದ ಹಕ್ಕು ಪಡೆಯಬೇಕು. ಅಂದು ನುಡಿಸಿದ ವಾದ್ಯಗಾರರಿಗೆ ಅವರ ಸಂಘದ ಮೂಲಕ ಹಣ ಸಲ್ಲಿಸಬೇಕು. ಸವೆದ ಟೇಪುಗಳನ್ನು ಹುಡುಕಿ ಸರಿಪಡಿಸಬೇಕು. ಅಚ್ಚಾಗುವುದು ಒಂದು ಸಾವಿರವೋ ಮೂರು ಸಾವಿರವೋ ಪ್ರತಿಗಳು. ಕೊಳ್ಳುವವರ ಸಡಗರವೊಂದೇ ಅವರ ಬಂಡವಾಳ. ಆ ಸಡಗರವನ್ನು ನಾವು ಹುಚ್ಚೆಂದು ಕರೆದರೂ, ಅದಿಲ್ಲದಿದ್ದರೆ ಈ ಸಂಗೀತ ಉಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಸ್ಟ್ಯಾನ್ಲಿ ಕ್ಯೂಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ' ಎಂಬ ತನ್ನ ಚಿತ್ರಕ್ಕೆ ಸಂಗೀತ ಬರೆಯಲು ಅಲೆಕ್ಸ್ ನಾರ್ತನನ್ನು ಕರೆಸಿಕೊಂಡ. ನಾರ್ತ್ ಅವನಿಗೆ ಹೊಸಬನಲ್ಲ. 1960ರ 'ಸ್ಪಾರ್ಟಕಸ್' ಚಿತ್ರಕ್ಕೆ ಸಂಗೀತ ಕೊಟ್ಟವನು ಅವನೇ. ಕ್ಯೂಬ್ರಿಕ್ ಆ ವೇಳೆಗೆ ಹಳೆಯ ಶಾಸ್ತ್ರೀಯ ಕೃತಿಗಳನ್ನು ತಾತ್ಕಾಲಿಕವಾಗಿ ಚಿತ್ರಕ್ಕೆ ಹೊಂದಿಸಿಕೊಂಡು ನೋಡುತ್ತಿದ್ದ. ಅವುಗಳ ಮೇಲೆ ಅವನಿಗೆ ಮೋಹ ಬೆಳೆದಿತ್ತು. ನಾರ್ತ್ ಹಗಲಿರುಳು ಬರೆದು ಚಿತ್ರದ ಪೂರ್ವಾರ್ಧಕ್ಕೆ ಸುಮಾರು ನಲವತ್ತು ನಿಮಿಷಗಳ ಸಂಗೀತವನ್ನು ಸಿದ್ಧಪಡಿಸಿದ. ಆ ದುಡಿಮೆಯಿಂದ ದೇಹ ಸೋತು, 1968ರ ಜನವರಿಯಲ್ಲಿ ಮುದ್ರಣಕ್ಕೆ ಅವನನ್ನು ಆಂಬುಲೆನ್ಸಿನಲ್ಲಿ ಕರೆತರಬೇಕಾಯಿತು. ವಾದ್ಯಮೇಳವನ್ನು ಅವನ ಗೆಳೆಯ ಹೆನ್ರಿ ಬ್ರಾಂಟ್ ನಡೆಸಿದ. ಉಳಿದ ಭಾಗಕ್ಕೆ ಸಂಗೀತವೇ ಬೇಡವೆಂದು ಕ್ಯೂಬ್ರಿಕ್ ಹೇಳಿಕಳುಹಿಸಿದ. ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರವನ್ನು ನೋಡಲು ಕುಳಿತ ನಾರ್ತನಿಗೆ ತಾನು ಬರೆದ ಒಂದು ಸ್ವರವೂ ಕೇಳಿಬರಲಿಲ್ಲ. ರಿಚರ್ಡ್ ಸ್ಟ್ರಾಸ್, ಯೋಹಾನ್ ಸ್ಟ್ರಾಸ್, ಲಿಗೆಟಿ, ಖಚತೂರಿಯನ್ ಇವರ ಕೃತಿಗಳೇ ಅಲ್ಲಿದ್ದವು.

ನಾರ್ತ್ ಆ ಸಂಗೀತದ ತುಣುಕುಗಳನ್ನು ಮುಂದೆ ತನ್ನ ಬೇರೆ ಕೃತಿಗಳಲ್ಲಿ ಬಳಸಿಕೊಂಡು, 1991ರಲ್ಲಿ ತೀರಿಕೊಂಡ. 1993ರಲ್ಲಿ ಅವನ ಮಿತ್ರನೂ ಸ್ವತಃ ಪ್ರಸಿದ್ಧ ಚಿತ್ರಸಂಗೀತಕಾರನೂ ಆದ ಜೆರ್ರಿ ಗೋಲ್ಡ್‌ಸ್ಮಿತ್ ಲಂಡನ್ನಿನಲ್ಲಿ ಅದನ್ನು ಹೊಸದಾಗಿ ನುಡಿಸಿ ಸಿ.ಡಿ. ತಂದ. 2007ರಲ್ಲಿ ಇಂಟ್ರಾಡ ಸಂಸ್ಥೆ 1968ರ ಮೂಲ ಮುದ್ರಣವನ್ನೇ ಹೊರತಂದಿತು. ಮೂವತ್ತೊಂಬತ್ತು ವರ್ಷ ಹೊರಬಾರದಿದ್ದ ಮೂಲ ಮುದ್ರಣದ ಪೊಟ್ಟಣವನ್ನು ಬಿಚ್ಚುವಾಗ ಒಬ್ಬ ರಸಿಕನ ಕೈ ನಡುಗಿದ್ದರೆ ಅದನ್ನು ಅತಿರೇಕವೆನ್ನಲು ನನಗೆ ಮನಸ್ಸು ಬಾರದು.

ಆದರೆ ಕನಿಕರ ವಿಮರ್ಶೆಯಲ್ಲ. ಅನ್ಯಾಯಕ್ಕೆ ಗುರಿಯಾಯಿತೆಂಬ ಕಾರಣಕ್ಕೆ ಒಂದು ಕೃತಿ ದೊಡ್ಡದಾಗುವುದಿಲ್ಲ. ಅಭಿಮಾನಿಗಳಲ್ಲಿ ಅನೇಕರು ಈ ಸಿ.ಡಿ.ಯನ್ನು ಹಿಡಿದು, ಕ್ಯೂಬ್ರಿಕ್ ತಪ್ಪು ಮಾಡಿದನೆಂದು ವಾದಿಸುತ್ತಾರೆ. ನಾನು ಇದನ್ನು ಮೂರು ಸಂಜೆ ಕೇಳಿದೆ. ನನ್ನ ಅಭಿಪ್ರಾಯ ಬೇರೆ. ಆದಿಮಾನವರ ಸನ್ನಿವೇಶಕ್ಕೆ ನಾರ್ತ್ ಬರೆದ ಭಾಗದಲ್ಲಿ ತಾಳವಾದ್ಯಗಳೂ ಹಿತ್ತಾಳೆಯ ತುತ್ತೂರಿಗಳೂ ಒರಟಾಗಿ ಮೇಲೆಬಿದ್ದು, ಹಸಿವು, ಭಯ, ಕ್ರೌರ್ಯಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತವೆ. ಅದು ಅದ್ಭುತವಾದ ಬರವಣಿಗೆ. ಆದರೆ ಅದು ಮಾತಾಡುವ ಸಂಗೀತ. ವ್ಯಾಖ್ಯಾನ ಮಾಡುವ ಸಂಗೀತ. ಕ್ಯೂಬ್ರಿಕ್ಕನ ಚಿತ್ರವೋ ವ್ಯಾಖ್ಯಾನವನ್ನು ಒಲ್ಲದು. ನೋಡುವವನನ್ನು ದಿಗ್ಭ್ರಮೆಯಲ್ಲಿಯೇ ನಿಲ್ಲಿಸಬೇಕೆಂಬುದು ಅದರ ಹಟ. ಅಲ್ಲಿ ಗಾಳಿಯ ಸದ್ದೂ ಮೃಗಗಳ ಕೂಗೂ ಮಾತ್ರ ಇರುವುದೇ ಉಚಿತ. ಆಕಾಶನೌಕೆ ತಂಗುದಾಣವನ್ನು ಸೇರುವ ಸನ್ನಿವೇಶಕ್ಕೆ ನಾರ್ತ್ ಬರೆದ ಲಘುವಾದ, ತುಂಟತನದ ವಾಲ್ಟ್ಸ್ ನೃತ್ಯಗತಿ ಕೇಳುವುದಕ್ಕೆ ಬಲು ಸೊಗಸು. ಆದರೂ ಯೋಹಾನ್ ಸ್ಟ್ರಾಸನ ಹಳೆಯ 'ನೀಲಿ ಡಾನ್ಯೂಬ್' ಆ ಯಂತ್ರಗಳ ಮೇಲೆ ಹರಿಯುವಾಗ ಹುಟ್ಟುವ ವಿಲಕ್ಷಣವಾದ ನಗೆ ಇದರಲ್ಲಿ ಹುಟ್ಟದು. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರ ಹೇಳಿದ್ದನ್ನು ನೆನೆದರೆ, ಚಿತ್ರದ ಮಟ್ಟಿಗೆ ಕ್ಯೂಬ್ರಿಕ್ಕನ ತೀರ್ಮಾನ ಸರಿ ಎನ್ನಬೇಕಾಗುತ್ತದೆ. ಅದನ್ನು ನಾರ್ತನಿಗೆ ಮುಖಕ್ಕೆ ಮುಖ ಕೊಟ್ಟು ತಿಳಿಸದೆ ಹೋದದ್ದು ಮಾತ್ರ ಸಜ್ಜನಿಕೆಯಲ್ಲ. ಹಾಗೆಂದು ಸಂಗೀತ ಸೋತಿತೆ? ಇಲ್ಲ. ಚಿತ್ರದಲ್ಲಿ ದೋಷವಾಗಬಹುದಾಗಿದ್ದ ಅದೇ ಮಾತುಗಾರಿಕೆ ಸಿ.ಡಿ.ಯಲ್ಲಿ ಗುಣವಾಗಿದೆ. ತೆರೆಯಿಲ್ಲದೆ ಕೇಳಿದಾಗ ಈ ಕೃತಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಅದಕ್ಕೆ ನ್ಯಾಯ ದೊರಕಿದ್ದು ಚಿತ್ರಮಂದಿರದಲ್ಲಲ್ಲ, ಕೇಳುಗನ ಕೋಣೆಯಲ್ಲಿ.

ಎರಡನೆಯ ಪ್ರಶ್ನೆ ಪಾಠನಿರ್ಣಯದ್ದು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು (1964) ಓದಿದವರಿಗೆ ಈ ಸಿ.ಡಿ. ಸಂಪಾದಕರ ಕಷ್ಟ ಕೂಡಲೇ ಅರ್ಥವಾಗುತ್ತದೆ. ಅವರಿಗೂ ಓಲೆಗರಿಗಳಂತೆ ಜೀರ್ಣವಾದ ಟೇಪುಗಳು, ಅವರಿಗೂ ಪಾಠಾಂತರಗಳು, ಅವರಿಗೂ ಪೀಠಿಕೆ, ಟಿಪ್ಪಣಿ, ಅನುಬಂಧ. ಅಂತರ್ಜಾಲದಲ್ಲಿ ಕೈಬೆರಳ ತುದಿಯಲ್ಲಿ ಸಂಗೀತ ದೊರೆಯುವ ಈ ಕಾಲದಲ್ಲಿಯೂ ಅಭಿಮಾನಿಗಳು ಸಿ.ಡಿ.ಗಾಗಿ ಕಾಯುವುದಕ್ಕೆ ಇದೂ ಒಂದು ಕಾರಣ. ಯಾವ ಭಾಗ ಯಾವ ದೃಶ್ಯದ್ದು, ಯಾವುದನ್ನು ಚಿತ್ರದಲ್ಲಿ ಬಿಟ್ಟರು ಎಂಬುದನ್ನೆಲ್ಲ ಆ ಪುಸ್ತಿಕೆ ಹೇಳುತ್ತದೆ. ಅವರ ಕೈಗೆ ಬರುವುದು ಒಂದು ಪರಿಷ್ಕೃತ ಆವೃತ್ತಿ.

ಆದರೆ ಇಲ್ಲಿಯೇ ಅಭಿಮಾನಿ ಎಡವುವುದು. ಅವನಿಗೆ 'ಸಂಪೂರ್ಣ' ಎಂಬುದೊಂದು ಮಂತ್ರ. ಜಾನ್ ವಿಲಿಯಮ್ಸ್ 1977ರಲ್ಲಿ 'ಸ್ಟಾರ್ ವಾರ್ಸ್' ಸಂಗೀತವನ್ನು ಎರಡು ತಟ್ಟೆಗಳಿಗೆ ಅಳವಡಿಸುವಾಗ ಚಿತ್ರದ ಅನುಕ್ರಮವನ್ನು ಬಿಟ್ಟು, ಕೇಳುವವನ ಕಿವಿಗೆ ಒಪ್ಪುವಂತೆ ಭಾಗಗಳನ್ನು ತಾನೇ ಆರಿಸಿ ಜೋಡಿಸಿದ. 1997ರಲ್ಲಿ ಬಂದ ಎರಡು ಸಿ.ಡಿ.ಗಳ ಆವೃತ್ತಿ ಚಿತ್ರದ ಕ್ರಮದಲ್ಲಿಯೇ ಸಂಗೀತವನ್ನೆಲ್ಲ ಕೊಟ್ಟಿತು. ಅಂದಿನಿಂದ ಹಳೆಯ ತಟ್ಟೆ 'ಅಪೂರ್ಣ'ವೆಂದೂ ಹೊಸದೇ ನಿಜವಾದ ಕೃತಿಯೆಂದೂ ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಹಳೆಯದು ಕರ್ತೃವೇ ಮಾಡಿದ ಸಂಕಲನ. ಕವಿ ತನ್ನ ಕಾವ್ಯದಿಂದ ತಾನೇ ಆರಿಸಿ ಕೊಟ್ಟದ್ದನ್ನು ಅಪೂರ್ಣವೆನ್ನುತ್ತೇವೆಯೆ? ಹರ್‌ಮನ್ 1960ರ 'ಸೈಕೋ' ಸಂಗೀತವನ್ನು ತಾನು ತೀರಿಕೊಂಡ ವರ್ಷವಾದ 1975ರಲ್ಲಿ ಮತ್ತೆ ನುಡಿಸಿದಾಗ ಅದರ ನಡೆ ಚಿತ್ರದಲ್ಲಿದ್ದುದಕ್ಕಿಂತ ನಿಧಾನವಾಗಿತ್ತು. ಎರಡರಲ್ಲಿ ಯಾವುದು ಮೂಲ? ಎರಡೂ ಕರ್ತೃವಿನವೇ. ಹಿಚ್‌ಕಾಕನ ಕತ್ತರಿಗೆ ಹೊಂದಬೇಕಾಗಿದ್ದ ವೇಗ ಒಂದು. ಹದಿನೈದು ವರ್ಷಗಳ ಮೇಲೆ ಮುದುಕನಾದ ಸಂಗೀತಕಾರ ತನ್ನ ಕೃತಿಯನ್ನು ಬಿಡುವಾಗಿ ನೋಡಿದ ವೇಗ ಇನ್ನೊಂದು. ಒಂದನ್ನು ಎತ್ತಿ ಇನ್ನೊಂದನ್ನು ಬಿಸುಡುವವನು ಸಂಪಾದಕನಲ್ಲ.

ಹತ್ತು ಸೆಕೆಂಡಿನ ತುಣುಕು ಸೇರಿತೆಂದು ಹಿಗ್ಗುವ ಅಭಿಮಾನಿ ಆ ಹತ್ತು ಸೆಕೆಂಡು ಕೇಳುವಂತಿದೆಯೆ ಎಂದು ಕೇಳಿಕೊಳ್ಳುವುದಿಲ್ಲ. ಬಾಗಿಲು ತೆರೆಯುವಾಗ ನುಡಿದ ಎರಡು ಸ್ವರ, ಕಾರು ತಿರುಗುವಾಗ ನುಡಿದ ನಾಲ್ಕು ಸ್ವರ ಎಲ್ಲವೂ ಸೇರಿ ಎರಡು ಗಂಟೆಯಾದರೆ ಕೃತಿ ಬೆಳೆದಂತಾಗಲಿಲ್ಲ. ಉಗ್ರಾಣ ತುಂಬಿತು ಅಷ್ಟೆ. ಸಂಶೋಧಕನಿಗೆ ಉಗ್ರಾಣ ಬೇಕು, ನಿಜ. ಸಹೃದಯನಿಗೆ ಬೇಕಾದದ್ದು ಊಟ. ಎರಡನ್ನೂ ಒಂದೇ ಪೊಟ್ಟಣದಲ್ಲಿಟ್ಟು, ಕರ್ತೃವಿನ ಸಂಕಲನ ಒಂದು ತಟ್ಟೆಯಲ್ಲಿ, ಚಿತ್ರದ ಸಂಗೀತವೆಲ್ಲ ಇನ್ನೊಂದರಲ್ಲಿ ಎಂದು ಕೊಡುವ ಪ್ರಕಾಶಕರಿದ್ದಾರೆ. 'ಜಾಸ್' ಚಿತ್ರದ ಸಂಗೀತವನ್ನು 2015ರಲ್ಲಿ ಇಂಟ್ರಾಡ ಹೀಗೆ ಹೊರತಂದಿತು. ಇದು ಮೆಚ್ಚತಕ್ಕ ಮಾರ್ಗ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯ ಕಡೆ ಒಮ್ಮೆ ನೋಡದೆ ಮುಗಿಸಲಾರೆ. ನಮ್ಮಲ್ಲಿ ಚಿತ್ರದ ಧ್ವನಿಮುದ್ರಿಕೆಯೆಂದರೆ ಹಾಡುಗಳು. 'ಸಂಸ್ಕಾರ'ಕ್ಕೆ (1970) ಸರೋದ್ ವಾದಕರಾದ ರಾಜೀವ ತಾರಾನಾಥರು ಸಂಗೀತ ಕೊಟ್ಟರು. 'ಘಟಶ್ರಾದ್ಧ'ಕ್ಕಾಗಿ (1977) ಬಿ.ವಿ. ಕಾರಂತರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿತು. ಆ ಚಿತ್ರಗಳ ಕಥೆಯ ಮೇಲೆ, ನಿರ್ದೇಶನದ ಮೇಲೆ ನಮ್ಮಲ್ಲಿ ಎಷ್ಟು ಲೇಖನಗಳು ಬಂದಿಲ್ಲ? ಆ ಸಂಗೀತವನ್ನು ಬೇರೆಯಾಗಿ ಕೇಳಿ, ತೂಗಿ, ಬರೆದವರು ಎಷ್ಟು ಮಂದಿ? ಬರೆಯಬೇಕಾದರೆ ಕೇಳಲು ಸಿಗಬೇಕು. ಸಿಗಬೇಕಾದರೆ ಬೇಕೆಂದು ಹಂಬಲಿಸುವವರಿರಬೇಕು. ತಾರಾನಾಥರು 2024ರಲ್ಲಿ ತೀರಿಕೊಂಡರು. ಕಾರಂತರು 2002ರಲ್ಲಿಯೇ ಹೋದರು. ಟೇಪುಗಳಿಗೂ ಮನುಷ್ಯರಂತೆಯೇ ಆಯುಸ್ಸಿದೆ.

ಅಂಚೆಯವನ ದಾರಿ ಕಾಯುವ ಆ ದೂರದ ಅಭಿಮಾನಿಯಲ್ಲಿ ಲೆಕ್ಕದ ಚಪಲ ಇರಬಹುದು, ಪಕ್ಷಪಾತ ಇರಬಹುದು. ವಿವೇಕವನ್ನು ಅವನು ನಮ್ಮ ವಿಮರ್ಶಕರಿಂದ ಕಲಿಯಲಿ. ಹಂಬಲವನ್ನು ನಾವು ಅವನಿಂದ ಕಲಿಯೋಣ.