ವ್ಯಾಯಾಮಗೀತದಲ್ಲಿ ಉತ್ಸಾಹವೂ ವ್ರೀಡೆಯೂ

೧

ಭರತಮುನಿಯು ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ವ್ರೀಡೆಯೂ ಒಂದು. ಇದಕ್ಕೆ ಉದಾಹರಣೆ ಬೇಕಾದಾಗ ನಾವು ಸಾಮಾನ್ಯವಾಗಿ ಶೃಂಗಾರದ ಕಡೆಗೆ ನೋಡುತ್ತೇವೆ; ವೀರದ ಸ್ಥಾಯಿಯಾದ ಉತ್ಸಾಹದ ಬಳಿಯಲ್ಲಿ ಇದನ್ನು ಹುಡುಕುವುದಿಲ್ಲ. ಉತ್ಸಾಹಿಯು ತಲೆಯೆತ್ತಿ ನಿಲ್ಲುವವನು, ವ್ರೀಡಿತನು ತಲೆತಗ್ಗಿಸುವವನು. ಇವರಿಬ್ಬರೂ ಒಬ್ಬನೇ ಆಗುವುದು ಹೇಗೆ? ಆದರೆ ಈ ಎರಡು ಭಾವಗಳೂ ಒಂದೇ ಎದೆಯಲ್ಲಿ ಒಂದೇ ಗಳಿಗೆಯಲ್ಲಿ ನೆಲಸುವ ಪ್ರಸಂಗವೊಂದು ನಮ್ಮ ಕಾಲದಲ್ಲಿ ಬಹು ಸಾಮಾನ್ಯವಾಗಿದೆ. ಅಂಗಸಾಧನೆ ಮಾಡುವವರು ಓಡುವಾಗಲೂ ಭಾರವೆತ್ತುವಾಗಲೂ ಇಯರ್‌ಫೋನು ಧರಿಸಿ ಕೇಳುವ ಹಾಡುಗಳೇ ಆ ಪ್ರಸಂಗ.

ಇವುಗಳಲ್ಲಿ ಹಲವನ್ನು ಕೇಳುವವರು ತಾವು ಕೇಳುತ್ತೇವೆಂದು ನಾಲ್ವರ ಮುಂದೆ ಒಪ್ಪಿಕೊಳ್ಳಲಾರರು. ಸ್ಪಾಟಿಫೈ ಎಂಬ ಗೀತಪ್ರಸಾರ ಸಂಸ್ಥೆಯು, ತಾನು ಏನನ್ನು ಕೇಳುತ್ತಿದ್ದೇನೆಂಬುದು ಪರಿಚಿತರಿಗೆ ಕಾಣದಂತೆ ಮರೆಮಾಡಿಕೊಳ್ಳುವ ಏರ್ಪಾಡನ್ನೇ ಕೇಳುಗನಿಗೆ ಒದಗಿಸಿದೆ. ಹೀಗೆ ಮರೆಯಲ್ಲಿ ಕೇಳಿದ ಹಾಡೇ, ಏಳಲಾರೆನೆಂದು ಕುಳಿತ ಮೈಯನ್ನು ಎಬ್ಬಿಸುತ್ತದೆ. ಸಹೃದಯನೆಂದು ಹೆಸರಾದವನು ಮೆಚ್ಚಿದ ಉತ್ತಮ ಗೀತವು ಆ ಕೆಲಸವನ್ನು ಮಾಡದೆ ಹೋಗುವುದೂ ಉಂಟು. ಇಲ್ಲಿ ವಿಮರ್ಶಕನಿಗೆ ಒಂದು ಸಂಕಟವು ಒದಗುತ್ತದೆ. ನಮ್ಮ ರುಚಿಯು ಸುಳ್ಳೆನ್ನಬೇಕೆ, ಅಥವಾ ನಮ್ಮ ದೇಹವು ಅರಸಿಕವೆನ್ನಬೇಕೆ? ಈ ಎರಡು ಉತ್ತರಗಳೂ ತಪ್ಪೆಂದೂ, ಹಾಡನ್ನು ಅಳೆಯುವ ಕೋಲನ್ನೇ ನಾವು ವಿಶ್ರಾಂತಿಯ ಸ್ಥಳದಿಂದ ತಂದಿದ್ದೇವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು, ಈ ಹಾಡುಗಳ ಶಕ್ತಿಯು ಕೇವಲ ಭ್ರಮೆಯಲ್ಲವೆಂಬುದನ್ನು ಸ್ಥಾಪಿಸಿಕೊಳ್ಳಬೇಕು. ನ್ಯೂಯಾರ್ಕಿನಲ್ಲಿ ನಡೆದ ಆರು ದಿನಗಳ ಸೈಕಲ್ ಪಂದ್ಯವನ್ನು ಪರೀಕ್ಷಿಸಿ ಲೆನರ್ಡ್ ಏರ್ಸ್ ಎಂಬ ಅಮೆರಿಕನ್ ವಿದ್ವಾಂಸನು ೧೯೧೧ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ವಾದ್ಯವೃಂದವು ನುಡಿಯುತ್ತಿದ್ದಾಗ ಸವಾರರ ಸರಾಸರಿ ವೇಗವು ಗಂಟೆಗೆ ೧೯.೬ ಮೈಲಿ, ನಿಂತಾಗ ೧೭.೯ ಮೈಲಿ ಎಂಬುದು ಅವನ ಎಣಿಕೆ. ಇಥಿಯೋಪಿಯದ ಓಟಗಾರರಾದ ಹೈಲೆ ಗೆಬ್ರೆಸಿಲಾಸಿಯವರು ೧೯೯೮ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ ೨೦೦೦ ಮೀಟರಿನ ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ಅಲ್ಲಿ ಕೇಳಿಬರುತ್ತಿದ್ದುದು 'ಸ್ಕ್ಯಾಟ್‌ಮನ್' ಎಂಬ ಹಾಡು. ಅದರ ಲಯಕ್ಕೆ ಅವರು ತಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡಿದ್ದರು. ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಗಳಂತೂ ಸ್ಪರ್ಧೆಯ ಕ್ಷೇತ್ರದೊಳಗೆ ಸ್ಪರ್ಧಾಳುಗಳು ರೇಡಿಯೋ, ದೂರವಾಣಿ ಮೊದಲಾದ ಸಾಧನಗಳನ್ನು ಬಳಸುವುದನ್ನು ಸಹಾಯವೆಂದೇ ಎಣಿಸಿ ನಿಷೇಧಿಸಿವೆ. ನಾವು ನಗುತ್ತ ತಳ್ಳಿಹಾಕುವ ವಸ್ತುವನ್ನು ಕ್ರೀಡಾಶಾಸನವು ಗಂಭೀರವಾಗಿ ಗಣನೆಗೆ ತೆಗೆದುಕೊಂಡಿದೆಯೆಂಬುದು ಗಮನಾರ್ಹವಾಗಿದೆ.

೩

ಇನ್ನು ನಾಚಿಕೆಯ ಕಾರಣವನ್ನು ವಿಚಾರಿಸೋಣ. ಇದಕ್ಕೆ ಲಕ್ಷ್ಯವಾಗಿ 'ಐ ಆಫ್ ದಿ ಟೈಗರ್' ಎಂಬ ಪ್ರಸಿದ್ಧ ಹಾಡನ್ನು ತೆಗೆದುಕೊಳ್ಳಬಹುದು. 'ರಾಕಿ' ಚಿತ್ರಮಾಲೆಯ ಮೂರನೆಯ ಚಿತ್ರಕ್ಕಾಗಿ ಸರ್ವೈವರ್ ಎಂಬ ಅಮೆರಿಕನ್ ವಾದ್ಯತಂಡವು ೧೯೮೨ರಲ್ಲಿ ಇದನ್ನು ರಚಿಸಿತು. ಮುಷ್ಟಿಮಲ್ಲನೊಬ್ಬನು ಕುಗ್ಗಿಹೋದ ತನ್ನ ಕೆಚ್ಚನ್ನು ಮರಳಿ ಪಡೆಯುವುದು ಆ ಚಿತ್ರದ ಕಥೆ. ಹೋರಾಟಗಾರನ ಕಣ್ಣನ್ನು ಹುಲಿಯ ಕಣ್ಣೆನ್ನುವುದು ಹಾಡಿನ ಮುಖ್ಯ ರೂಪಕ. ಇಂತಹ ಹಾಡುಗಳಲ್ಲಿ ಅಲಂಕಾರಶಾಸ್ತ್ರದ ದೃಷ್ಟಿಯಿಂದ ಎರಡು ದೋಷಗಳು ಕಾಣುತ್ತವೆ.

ಮೊದಲನೆಯದು ಅನೌಚಿತ್ಯ. ವೀರಕ್ಕೆ ಉತ್ತಮಪ್ರಕೃತಿಯ ನಾಯಕನು ಆಶ್ರಯನಾಗಿರಬೇಕೆಂಬುದು ಭರತನ ಮತ. ಅನೌಚಿತ್ಯದಿಂದ ಪ್ರವೃತ್ತವಾದ ಯಾವ ಭಾವವೂ ಹಾಸ್ಯಕ್ಕೆ ಕಾರಣವಾಗಬಲ್ಲದೆಂದು ಅಭಿನವಗುಪ್ತನು ವಿವರಿಸಿದ್ದಾನೆ. ಕಚೇರಿಯ ಕೆಲಸ ಮುಗಿಸಿ ಬಂದ ನಡುವಯಸ್ಸಿನ ಗೃಹಸ್ಥನೊಬ್ಬನು, ನಿಂತ ಕಡೆಯಲ್ಲಿಯೇ ಓಡಿಸುವ ಯಂತ್ರದ ಮೇಲೆ ಏದುಸಿರು ಬಿಡುತ್ತ, ತನ್ನನ್ನು ಹುಲಿಯೆಂದು ಭಾವಿಸಿಕೊಂಡರೆ ನೋಡಿದವರಿಗೆ ನಗೆ ಬಾರದಿರದು. ನೋಡುವವರ ಆ ನಗೆಯನ್ನು ಅವನೇ ಮುಂಗಂಡು ನಾಚುತ್ತಾನೆ. ಪಂಪನು ಹತ್ತನೆಯ ಶತಮಾನದಲ್ಲಿ ತನ್ನ ಪೋಷಕನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿ ಭಾರತವನ್ನು ಬರೆದನು. ಅಲ್ಲಿ ನಗೆ ಹುಟ್ಟದಿರುವುದಕ್ಕೆ ಕವಿಯ ಪ್ರತಿಭೆಯು ಮುಖ್ಯ ಕಾರಣವೆಂಬುದು ನಿಜ. ಆದರೆ ಹೋಲಿಕೆಯನ್ನು ಹೊರಲು ಅರಿಕೇಸರಿಯ ಶೌರ್ಯವೂ ಬೆನ್ನಿಗಿದ್ದಿತು. ವ್ಯಾಯಾಮಗೀತದ ಕೇಳುಗನಿಗಾದರೋ ಹೋಲಿಕೆಯು ಮೊದಲು ಬರುತ್ತದೆ. ಅದನ್ನು ಹೊರುವ ಬಲವನ್ನು ಅವನು ಇನ್ನು ಮೇಲೆ ಗಳಿಸಬೇಕು.

ಎರಡನೆಯದು ಸ್ವಶಬ್ದವಾಚ್ಯತೆ. ರಸವನ್ನಾಗಲಿ ಸ್ಥಾಯಿಯನ್ನಾಗಲಿ ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಗಣಿಸಿದ್ದಾನೆ. ಈ ಹಾಡುಗಳು ಮಾಡುವುದು ಅದನ್ನೇ. ಎದ್ದೇಳು, ಸೋಲಬೇಡ, ನೀನೇ ಬಲಶಾಲಿ ಎಂಬ ಅರ್ಥವನ್ನು ಇವು ಯಾವ ಮರೆಯೂ ಇಲ್ಲದೆ ಸಾರುತ್ತವೆ. ವ್ಯಂಗ್ಯಕ್ಕೆ ಪಳಗಿದ ಕಿವಿಗೆ ಇದು ಒರಟಾಗಿ ಕೇಳಿಸುವುದು ಸಹಜವೇ.

೪

ಇಲ್ಲಿಗೆ ಪೂರ್ವಪಕ್ಷವು ಪೂರ್ಣವಾದಂತಾಯಿತು. ಆದರೆ ಈ ದೋಷಗಳೆಲ್ಲವೂ ಯಾವುದಕ್ಕೆ ಸಂಬಂಧಿಸಿದವು? ರಸಾಸ್ವಾದಕ್ಕೆ. ರಸವೆಂಬುದು ಲೌಕಿಕ ಭಾವವಲ್ಲ; ಸಾಧಾರಣೀಕೃತವಾಗಿ ಸಹೃದಯನಿಂದ ಚರ್ವಿತವಾಗುವಂಥದು. ರಂಗದ ಮೇಲೆ ಭೀಮನ ಉತ್ಸಾಹವನ್ನು ಕಂಡ ಪ್ರೇಕ್ಷಕನು ಗದೆಯನ್ನು ಹುಡುಕಲು ಹೊರಡುವುದಿಲ್ಲ. ಹೊರಟರೆ ಅವನಿಗೆ ರಸವು ಸಿದ್ಧಿಸಲಿಲ್ಲವೆಂದೇ ಅರ್ಥ. ವ್ಯಾಯಾಮಗೀತದಲ್ಲಿ ಇದು ತಲೆಕೆಳಗಾಗುತ್ತದೆ. ಅದನ್ನು ಕೇಳಿದವನು ಗದೆಯನ್ನು ಎತ್ತಬೇಕು. ಎತ್ತದೆ ಕುಳಿತು ಸವಿದರೆ ಹಾಡು ವ್ಯರ್ಥವಾಯಿತು. ಆದುದರಿಂದ ಇದು ವೀರರಸದಲ್ಲಿ ಸೋತ ಕಾವ್ಯವಲ್ಲ. ಭಾವವು ರಸವಾಗಿ ಪರಿಣಮಿಸುವುದಕ್ಕೆ ಮುಂಚೆಯೇ ಅದನ್ನು ಕ್ರಿಯೆಯ ಕಡೆಗೆ ತಿರುಗಿಸುವ ಬೇರೊಂದು ಜಾತಿಯ ರಚನೆ.

ಈ ಜಾತಿಯು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಹಾಡುವ ಓವಿಯನ್ನು ಗೀತಪ್ರಕಾರಗಳ ಸಾಲಿನಲ್ಲಿಯೇ ಹೇಳಿದ್ದಾನೆ. ಕನ್ನಡದ ಒನಕೆವಾಡುಗಳೂ ಬೀಸುವ ಪದಗಳೂ ಇದೇ ಕುಲದವು. ಜರ್ಮನಿಯ ಅರ್ಥಶಾಸ್ತ್ರಜ್ಞನಾದ ಕಾರ್ಲ್ ಬ್ಯೂಖರನು 'ಶ್ರಮ ಮತ್ತು ಲಯ' ಎಂಬರ್ಥದ ತನ್ನ ಗ್ರಂಥವನ್ನು ೧೮೯೬ರಲ್ಲಿ ಪ್ರಕಟಿಸಿ, ದುಡಿಮೆಯ ಲಯಕ್ಕೂ ಹಾಡಿನ ಹುಟ್ಟಿಗೂ ಇರುವ ನಂಟನ್ನು ಪ್ರತಿಪಾದಿಸಿದನು. ಅವನ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪದವರೂ, ದುಡಿಯುವ ಕೈಗೆ ಹಾಡು ಹೊರಗಿನ ಅಲಂಕಾರವಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ.

ಈ ಪರಂಪರೆಯನ್ನು ನೋಡಿದರೆ ಒಂದು ಮುಖ್ಯವಾದ ಭೇದವು ಕಣ್ಣಿಗೆ ಬೀಳುತ್ತದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಬೆಳಕಿಗೆ ತಂದ 'ಗರತಿಯ ಹಾಡು' ಎಂಬ ಸಂಕಲನವು ಈ ಪತ್ರಿಕೆಯ ವಾಚಕರಿಗೆ ಪರಿಚಿತವೇ ಆಗಿದೆ. ಅಲ್ಲಿ ತವರಿನ ನೆನಪು, ಒಡಹುಟ್ಟಿದವರ ಮಮತೆ, ಹೆಣ್ಣಿನ ಬಾಳಿನ ಸುಖದುಃಖಗಳು ಧ್ವನಿಪೂರ್ಣವಾಗಿ ಬಂದಿವೆ. ಬೀಸು, ಬೇಗ ಬೀಸು ಎಂಬ ಆಜ್ಞೆಯು ಆ ಹಾಡುಗಳ ತಿರುಳಲ್ಲ. ಇದಕ್ಕೆ ಕಾರಣವೇನು? ಬೀಸುವುದು ದೀರ್ಘವಾದ, ಸಮಗತಿಯ ಕೆಲಸ. ಅಲ್ಲಿ ಉಸಿರಿಗೆ ಬಿಡುವುಂಟು, ಮನಸ್ಸಿಗೂ ಬಿಡುವುಂಟು. ಧ್ವನಿಯು ಅರಳುವುದಕ್ಕೆ ಈ ಬಿಡುವೇ ನೆಲ. ಒನಕೆಯ ಪೆಟ್ಟು ಬೀಳುವ ಕಡೆಯಲ್ಲಾದರೋ ಪೆಟ್ಟಿನೊಡನೆ 'ಸುವ್ವಿ'ಯೆಂಬ ಪಲ್ಲವಿಯು ಮರಳಿಮರಳಿ ಬರುತ್ತದೆ. ಅದಕ್ಕೆ ಅರ್ಥವೇನೆಂದು ಕುಟ್ಟುವವರು ವಿಚಾರಿಸುವುದಿಲ್ಲ. ಕೈ ಎತ್ತುವುದಕ್ಕೆ ಅದು ಸಾಕು.

ಇದರಿಂದ ಒಂದು ಸೂತ್ರವನ್ನು ಹೀಗೆ ನಿರೂಪಿಸಬಹುದು: ಶ್ರಮವು ಮಂದವಾಗಿರುವಲ್ಲಿ ಹಾಡಿಗೆ ವ್ಯಂಗ್ಯವು ಶಕ್ಯ, ಶ್ರಮವು ತೀವ್ರವಾದಂತೆ ಹಾಡು ವಾಚ್ಯಕ್ಕೆ ಇಳಿಯುತ್ತದೆ, ಇನ್ನೂ ತೀವ್ರವಾದರೆ ವಾಚ್ಯವನ್ನೂ ಬಿಟ್ಟು ಬರಿಯ ಅಕ್ಷರವೂ ಲಯವೂ ಆಗುತ್ತದೆ. ಇಂದಿನ ಶಾಸ್ತ್ರವೂ ಇದಕ್ಕೆ ಅನುಕೂಲವಾಗಿದೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಾಗಿಯೋರ್ಗಿಸ್ ಮೊದಲಾದವರು ನಡೆಸಿದ ಸಂಶೋಧನೆಗಳಿಂದ, ಸಾಧಾರಣ ಶ್ರಮದಲ್ಲಿ ಸಂಗೀತವು ಆಯಾಸದ ಅರಿವನ್ನು ತಗ್ಗಿಸುತ್ತದೆಂದೂ, ಅತಿ ತೀವ್ರ ಶ್ರಮದಲ್ಲಿ ಮೈಯ ಕೂಗೇ ಮೇಲಾಗಿ ಈ ಗುಣವು ಕುಗ್ಗುತ್ತದೆಂದೂ ತಿಳಿದುಬಂದಿದೆ. ಗಮನವೇ ಕಿರಿದಾದ ಸ್ಥಿತಿಯಲ್ಲಿ ಸೂಕ್ಷ್ಮವಾದ ವ್ಯಂಗ್ಯವು ಯಾರನ್ನು ಮುಟ್ಟೀತು? ಆದಕಾರಣ ಸ್ವಶಬ್ದವಾಚ್ಯತೆಯು ಇಲ್ಲಿ ದೋಷವಾಗದೆ ಅವಶ್ಯಕತೆಯಾಗುತ್ತದೆ.

ಗೆಬ್ರೆಸಿಲಾಸಿಯವರ ಓಟಕ್ಕೆ ಒದಗಿದ ಹಾಡು ಈ ಸೂತ್ರದ ಕೊನೆಯ ಮೆಟ್ಟಿಲಿಗೆ ಉದಾಹರಣೆ. ೧೯೯೪ರಲ್ಲಿ ಹೊರಬಂದ ಅದರ ಗಾಯಕನಾದ ಜಾನ್ ಲಾರ್ಕಿನ್ ಎಂಬುವನಿಗೆ ಬಾಲ್ಯದಿಂದಲೂ ಉಗ್ಗು ಇದ್ದಿತು. ಜಾಸ್ ಸಂಗೀತದ ಅರ್ಥರಹಿತ ಅಕ್ಷರಗಳ ಗಾನಪದ್ಧತಿಯಲ್ಲಿ ಅವನು ತನ್ನ ಉಗ್ಗನ್ನೇ ಗಾನವನ್ನಾಗಿ ಮಾಡಿಕೊಂಡನು. ಕುಳಿತು ಕೇಳಿದವನಿಗೆ ಅದು ಮಕ್ಕಳಾಟದಂತೆ ತೋರುವುದು ಆಶ್ಚರ್ಯವಲ್ಲ. ಆದರೆ ನಮ್ಮ ಸಂಗೀತ ಸಭೆಯಲ್ಲಿ ತಿಲ್ಲಾನದ ಜತಿಗಳಿಗೆ ಅರ್ಥವಿಲ್ಲವೆಂದು ಯಾರೂ ನಾಚುವುದಿಲ್ಲ. ನರ್ತಿಸುವ ಕಾಲಿಗೆ ಸಲ್ಲುವ ಮರ್ಯಾದೆಯು ಓಡುವ ಕಾಲಿಗೆ ಏಕೆ ಸಲ್ಲಬಾರದು?

೫

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಹಾಗಾದರೆ ಮೈಯನ್ನು ಕುಣಿಸಿದ ಹಾಡೆಲ್ಲವೂ ಒಳ್ಳೆಯದೆ? ಹಾಗಲ್ಲ. ಪ್ರಯೋಜನಕ್ಕೂ ತನ್ನದೇ ಆದ ಔಚಿತ್ಯವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ.ಬಿ.ಸಿ. ಸಂಸ್ಥೆಯು ಕಾರ್ಖಾನೆಗಳ ಕೆಲಸಗಾರರಿಗಾಗಿ, 'ಕೆಲಸದೊಡನೆ ಸಂಗೀತ' ಎಂಬರ್ಥದ ಪ್ರಸಾರವನ್ನು ೧೯೪೦ರ ಜೂನ್ ತಿಂಗಳಲ್ಲಿ ಆರಂಭಿಸಿತು. ಅದರಲ್ಲಿ 'ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಾಸ್' ಎಂಬ ಜನಪ್ರಿಯ ಹಾಡಿಗೆ ಎಡೆಯಿಲ್ಲದೆ ಹೋಯಿತು. ಆ ಹಾಡಿನ ನಡುವೆ ಚಪ್ಪಾಳೆಗೆಂದು ಬಿಟ್ಟ ಜಾಗವುಂಟು. ಅದನ್ನು ಕೇಳಿದ ಕೆಲಸಗಾರರು ಯಂತ್ರವನ್ನು ಬಿಟ್ಟು ತಾಳ ಹಾಕುವರೆಂಬುದೇ ಕಾರಣ. ಉತ್ಸಾಹವು ಅಲ್ಲಿ ಕೊರತೆಯಾಗಿರಲಿಲ್ಲ. ಕ್ರಿಯೆಗೆ ಸಲ್ಲದೆ ತನ್ನ ಕಡೆಗೇ ಕೈಯನ್ನು ಸೆಳೆದುಕೊಂಡಿತು. ಕೆಲಸಕ್ಕೆ ತನ್ನನ್ನು ತೆತ್ತುಕೊಳ್ಳುವ ಹಾಡು ಸಫಲ, ಕೆಲಸವನ್ನು ಕಸಿದುಕೊಳ್ಳುವ ಹಾಡು ವಿಫಲ. ಇದಕ್ಕಿಂತ ಗುರುತರವಾದ ವಿಚಾರವೂ ಒಂದುಂಟು. ಹಾಡಿನ ಲಯವು ಹಾಡಿದವರನ್ನು ಯಾವ ಕ್ರಿಯೆಗೆ ಬೇಕಾದರೂ ಕೊಂಡೊಯ್ಯಬಲ್ಲದು. ಕಾಳಗಕ್ಕೆ ಕಳುಹಿಸುವ ಪಡೆಯ ಹಾಡುಗಳು ಇದಕ್ಕೆ ಸಾಕ್ಷಿ. ಆದ್ದರಿಂದ ಹಾಡನ್ನು ಅಳೆಯುವಾಗ ಅದು ಎಬ್ಬಿಸುವ ಕ್ರಿಯೆಯ ಯೋಗ್ಯತೆಯನ್ನೂ ಕೂಡಿಸಿ ಅಳೆಯಬೇಕು.

ವ್ಯಾಯಾಮಕ್ಕೆ ಕೀಳಾದ ಹಾಡೇ ಬೇಕೆಂಬ ನಿಯಮವೂ ಇಲ್ಲ. ಇರಾನಿನ ಜೂರ್‌ಖಾನೆಗಳೆಂಬ ಸಾಂಪ್ರದಾಯಿಕ ಗರಡಿಗಳಲ್ಲಿ ಮುರ್ಷಿದನು ಎತ್ತರದ ಪೀಠದಲ್ಲಿ ಕುಳಿತು ಜರ್ಬ್ ಎಂಬ ವಾದ್ಯವನ್ನು ಬಾರಿಸುತ್ತ, ಫಿರ್ದೌಸಿಯ ಶಾಹನಾಮೆಯಿಂದಲೂ ಹಾಫಿಜನ ಗೀತಗಳಿಂದಲೂ ಪದ್ಯಗಳನ್ನು ಹಾಡುತ್ತಾನೆ. ಆ ಲಯಕ್ಕೆ ಮಲ್ಲರು ಸಾಮು ಮಾಡುತ್ತಾರೆ. ಯುನೆಸ್ಕೋ ಸಂಸ್ಥೆಯು ೨೦೧೦ರಲ್ಲಿ ಈ ಸಂಪ್ರದಾಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ತೀವ್ರವಾದ ಗಳಿಗೆಯನ್ನು ವಾದ್ಯವು ಹೊರುತ್ತದೆ; ಕಾವ್ಯಕ್ಕೆ ಬಿಡುವು ದೊರೆಯುತ್ತದೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಜೂರ್‌ಖಾನೆಯಲ್ಲಾಗಲಿ ಒರಳಿನ ಸುತ್ತಲಾಗಲಿ ಹಾಡು ಎಲ್ಲರಿಗೂ ಕೇಳಿಸುತ್ತದೆ, ಎಲ್ಲರ ಮೈಯೂ ಒಟ್ಟಿಗೆ ದುಡಿಯುತ್ತದೆ. ದುಡಿಯದೆ ಕುಳಿತು ನಗುವ ಪ್ರೇಕ್ಷಕನಿಗೆ ಅಲ್ಲಿ ಸ್ಥಳವಿಲ್ಲ. ಇಂದಿನ ಸಾಧಕನಾದರೋ ನೂರು ಜನರ ನಡುವೆ ಒಬ್ಬನೇ ಕೇಳುತ್ತಾನೆ. ಅವನ ಮೈ ಕೆಲಸಗಾರನದು, ಅವನ ಮನಸ್ಸಿನ ಒಂದು ಭಾಗ ಮಾತ್ರ ಕುಳಿತ ಪ್ರೇಕ್ಷಕನದು. ವ್ರೀಡೆಯು ಹುಟ್ಟುವುದು ಈ ಎರಡರ ನಡುವಣ ಬಿರುಕಿನಲ್ಲಿ, ಹಾಡಿನಲ್ಲಿ ಅಲ್ಲ.

೬

ಸಾಹಿತ್ಯವನ್ನು ಬೋಧಿಸುವವರಿಗೆ ಇದು ಅಲ್ಪವಿಷಯವಲ್ಲ. ವಿದ್ಯಾರ್ಥಿಯೊಬ್ಬನು ತನ್ನನ್ನು ಎಬ್ಬಿಸುವ ಹಾಡನ್ನು ತರಗತಿಯಲ್ಲಿ ಹೆಸರಿಸಲು ನಾಚಿದರೆ, ಅವನು ಕಲಿತದ್ದು ವಿಮರ್ಶೆಯಲ್ಲ, ಮರೆಮಾಚುವಿಕೆ. ಅದನ್ನು ಮೆಚ್ಚಿಸುವುದಕ್ಕಾಗಿ ಉತ್ತಮಕಾವ್ಯವೆಂದು ಹೊಗಳಿದರೂ ಅವನಿಗೆ ಉಪಕಾರವಾಗದು; ಕುಳಿತು ಓದುವಾಗ ಆ ಪದಗಳು ಬಡವೆಂಬುದು ಅವನಿಗೂ ಗೊತ್ತು. ಈ ಹಾಡು ಯಾವ ಶ್ರಮಕ್ಕೆ ಸಂದದ್ದು, ಆ ಶ್ರಮದ ಗತಿಗೆ ಇದರ ಮಾತು ತಕ್ಕುದಾಗಿದೆಯೆ, ಅದು ಎಬ್ಬಿಸುವ ಕ್ರಿಯೆಯು ಯೋಗ್ಯವೆ ಎಂಬ ಮೂರು ಪ್ರಶ್ನೆಗಳನ್ನು ಅವನ ಮುಂದಿಟ್ಟರೆ, ಒನಕೆವಾಡನ್ನೂ ಓಟದ ಹಾಡನ್ನೂ ಒಂದೇ ನ್ಯಾಯದಿಂದ ಅವನು ಪರಿಶೀಲಿಸಬಲ್ಲನು. ಹೀಗೆ ಪರಿಶೀಲಿಸಿದಾಗ ಕೆಲವು ಹಾಡುಗಳು ಶ್ರಮದ ಅಳತೆಯಿಂದಲೂ ಸೋಲುತ್ತವೆ, ಅವುಗಳನ್ನು ಬಿಡಬಹುದು. ಉಳಿದವುಗಳನ್ನು ಬೆವರು ಆರುವವರೆಗೆ ನಿಸ್ಸಂಕೋಚವಾಗಿ ಕೇಳಬಹುದು; ಆರಿದ ಮೇಲೆ ಪಂಪನನ್ನು ಓದುವುದಕ್ಕೆ ಅವುಗಳಿಂದ ಯಾವ ಅಡ್ಡಿಯೂ ಇಲ್ಲ.