ಕಡಲ ಮೇಲಣ ಮನೆ

ಹುಲಿಯೂರುದುರ್ಗದಲ್ಲಿ ಕುಳಿತು ಕಡಲಿನ ಸಾಹಿತ್ಯವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಒಂದು ಮಗ್ಗುಲಲ್ಲಿ ದುರ್ಗದ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಹೇಮಗಿರಿ, ಸುತ್ತಲೂ ರಾಗಿಯ ಹೊಲ. ನಮಗೆ ನೀರೆಂದರೆ ಕೆರೆ. ಕುಣಿಗಲ್ ಕೆರೆಯನ್ನು ಕುರಿತ ಜಾನಪದ ಗೀತವನ್ನು ಅರಿಯದ ಕನ್ನಡಿಗರು ವಿರಳ. ಆ ಹಾಡು ನೋಡುವವರ ಹಾಡು. ಏರಿಯ ಮೇಲೆ ನಿಂತವರ ಕಣ್ಣಿಗೆ ಕಂಡ ನೀರಿನ ಸೊಬಗು ಅದರಲ್ಲಿ ತುಂಬಿದೆ. ಅದರಲ್ಲಿ ಕೊರತೆಯೇನೂ ಇಲ್ಲ. ಆದರೆ ನಮ್ಮ ಸಾಹಿತ್ಯವು ಕಡಲನ್ನೂ ಹೀಗೆಯೇ ಏರಿಯ ಮೇಲಿಂದ ಮಾತ್ರ ನೋಡಿತೇ ಎಂಬ ಸಂದೇಹವು, ಒಂದು ಪುಟ್ಟ ಇಂಗ್ಲಿಷ್ ಪುಸ್ತಕವನ್ನು ಓದಿದಂದಿನಿಂದ ನಮ್ಮನ್ನು ಬಿಡದೆ ಕಾಡುತ್ತಿರುವುದು.

ಆ ಪುಸ್ತಕದ ಹೆಸರನ್ನು ‘ಹುಡುಗ, ನಾನು ಮತ್ತು ಬೆಕ್ಕು’ ಎಂದು ಕನ್ನಡಿಸಬಹುದು. ಬರೆದವರು ಅಮೆರಿಕದ ಹೆನ್ರಿ ಪ್ಲಮರ್. 1912ರ ಶರತ್ಕಾಲದಲ್ಲಿ ಇವರು ತಮ್ಮ ಮಗನನ್ನೂ ಒಂದು ಬೆಕ್ಕನ್ನೂ ಕೂಡಿಕೊಂಡು, ‘ಮ್ಯಾಸ್ಕಾಟ್’ ಎಂಬ ಸುಮಾರು 24 ಅಡಿ ಉದ್ದದ ಒಂಟಿಹಾಯಿಯ ದೋಣಿಯಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದಿಂದ ದಕ್ಷಿಣಕ್ಕೆ ಹೊರಟರು. ಉತ್ತರದ ಚಳಿಗಾಲವನ್ನು ತಪ್ಪಿಸಿಕೊಂಡು ಫ್ಲಾರಿಡದ ಬೆಚ್ಚನೆಯ ನೀರನ್ನು ಸೇರಿ, 1913ರಲ್ಲಿ ಅದೇ ದೋಣಿಯಲ್ಲಿ ಮರಳಿದರು. ಆ ದೇಶದ ಪೂರ್ವ ತೀರದುದ್ದಕ್ಕೂ ಅಳಿವೆ, ಹಿನ್ನೀರು, ಕಾಲುವೆಗಳನ್ನು ಕೂಡಿಸಿದ ಜಲಮಾರ್ಗವೊಂದುಂಟು. ಅಂದು ಅದು ಅರೆಬರೆಯಾಗಿತ್ತು. ಇಂದು ಪ್ರತಿವರ್ಷವೂ ಅನೇಕರು ಹಾಯಿದೋಣಿಯನ್ನೇ ಮನೆ ಮಾಡಿಕೊಂಡು, ಚಳಿ ಬೀಳುವ ಮೊದಲೇ ಆ ಮಾರ್ಗವಾಗಿ ದಕ್ಷಿಣಕ್ಕೆ ಇಳಿಯುತ್ತಾರೆ. ಪ್ಲಮರ್ ತಮ್ಮ ದಿನಚರಿಯನ್ನು 1914ರಲ್ಲಿ, ತಾವೇ ಬರೆದ ಚಿತ್ರಗಳೊಡನೆ, ಸೈಕ್ಲೊಸ್ಟೈಲ್ ಪ್ರತಿಗಳಾಗಿ ಹೊರತಂದರು.

ಈ ಪುಸ್ತಕದ ಗುಣವೆಲ್ಲಿದೆ? ಕಡಲಿನ ಭವ್ಯತೆಯ ವರ್ಣನೆಯಲ್ಲಿ ಅಲ್ಲ. ಶೈಲಿಯ ಮೆರುಗಿನಲ್ಲಿಯೂ ಅಲ್ಲ. ಇಂದು ಗಾಳಿ ಯಾವ ದಿಕ್ಕಿನಿಂದ ಬೀಸಿತು, ಲಂಗರು ನೆಲ ಹಿಡಿಯಿತೆ, ಒಲೆಯ ಮೇಲೆ ಏನು ಬೆಂದಿತು, ಬೆಕ್ಕು ಏನು ಮಾಡಿತು, ಇಂಥವೇ ಅದರ ವಾರ್ತೆಗಳು. ಮನೆಯೊಳಗಿರುವವನು ಮನೆಯನ್ನು ವರ್ಣಿಸಲು ಹೋಗುವುದಿಲ್ಲ. ಸೂರು ಸೋರಿದಾಗ ಅದರ ಮಾತನ್ನೆತ್ತುತ್ತಾನೆ. ನೀರು ಒಬ್ಬನಿಗೆ ನೋಟವಾಗಿರದೆ ನೆಲೆಯಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಒಂದು ಮಿತಿಯನ್ನು ಹೇಳಲೇಬೇಕು: ಪ್ಲಮರರ ಪಯಣವು ಒಲಿದು ಕೈಕೊಂಡದ್ದು. ಬೇಸರವಾದರೆ ಹಿಂದಿರುಗಲು ದಡದಲ್ಲಿ ಮನೆಯುಂಟು. ಹೊಟ್ಟೆಯ ಪಾಡಿಗಾಗಿ ನೀರಿನ ಮೇಲೆ ಬಾಳುವವನ ಕಥೆ ಇದಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಡೆಗೆ ತಿರುಗೋಣ. ಆಕ್ಸ್‌ಫರ್ಡಿನಲ್ಲಿ ಓದಿ 1938ರಲ್ಲಿ ಮರಳಿದ ಗೋಕಾಕರು ‘ವಿನಾಯಕ’ ಎಂಬ ಹೆಸರಿನಿಂದ 1940ರಲ್ಲಿ ‘ಸಮುದ್ರಗೀತೆಗಳು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅಲೆಯ ಏರಿಳಿತಕ್ಕೆ ತಕ್ಕಂತೆ ಪಂಕ್ತಿಯೂ ಹಿಗ್ಗಿ ಕುಗ್ಗಬೇಕೆಂದು ಕಟ್ಟುಛಂದಸ್ಸನ್ನು ಸಡಿಲಿಸಿದ ಆ ಸಾಹಸವು ಸ್ಮರಣೀಯ. ಕನ್ನಡದ ಮುಕ್ತಛಂದಸ್ಸಿಗೆ ದಾರಿ ತೆರೆದವುಗಳಲ್ಲಿ ಅದೂ ಒಂದು. ಆದರೆ ಕವಿಯು ಅಲ್ಲಿ ಹಡಗಿನ ಪ್ರಯಾಣಿಕ. ಆತನಿಗಾಗಿ ಬೇರೊಬ್ಬರು ಅಡಿಗೆ ಮಾಡುತ್ತಾರೆ, ಬೇರೊಬ್ಬರು ಚುಕ್ಕಾಣಿ ಹಿಡಿಯುತ್ತಾರೆ. ಕಡಲು ಆತನ ಚಿಂತನಕ್ಕೆ ಒದಗುತ್ತದೆ, ಕೈಗೆ ಒದಗುವುದಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಇನ್ನೂ ಹತ್ತಿರಕ್ಕೆ ಬರುತ್ತದೆ. ಹೊಳೆ ಕಡಲುಗಳ ನಡುವಣ ಮರಳು ನೆಲದಲ್ಲಿ ಮೂರು ತಲೆಮಾರು ಬಾಳಿದ ಬಾಳು ಅದರಲ್ಲಿದೆ; ಅಲೆಯ ಮೊರೆತ ಕೇಳದ ಪುಟವೇ ಇಲ್ಲವೆನ್ನಿಸುತ್ತದೆ. ಆದರೂ ಹೆಸರೇ ಸಾರುವಂತೆ ಅದು ಮಣ್ಣಿನ ಕಾದಂಬರಿ. ದಡದ ಜನರ ಕಥೆ. ಒಂದು ಕೃತಿ ಕಡಲನ್ನು ದಾಟಿತು, ಇನ್ನೊಂದು ಕಡಲಿನ ಪಕ್ಕದಲ್ಲಿ ಬಾಳಿತು. ಕಡಲ ಮೇಲೆ ಮನೆ ಹೂಡಿದ ಕೃತಿ ಯಾವುದು?

ಅಂಥ ಬಾಳೇ ಕನ್ನಡ ನಾಡಿನಲ್ಲಿರಲಿಲ್ಲ ಎನ್ನುವಂತಿಲ್ಲ. ಎಂಜಿನು ಬರುವ ಮೊದಲು ಪತ್ತೆಮಾರಿ, ಮಂಜಿ ಮೊದಲಾದ ಹಾಯಿಹಡಗುಗಳು ನಮ್ಮ ತೀರದ ಬಂಡಿಗಳಾಗಿದ್ದವು. ಮುಂಗಾರಿನ ತಿಂಗಳುಗಳಲ್ಲಿ ಅವು ಅಳಿವೆಯ ಮರೆಯಲ್ಲಿ ತಂಗುತ್ತಿದ್ದವು. ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿದ ಮೇಲೆ, ಮಳೆ ಹಿಂಜರಿದಂತೆ ಹಾಯಿ ಬಿಚ್ಚುತ್ತಿದ್ದವು. ಚಳಿಗಾಲದಲ್ಲಿ ವಾಯವ್ಯದ ಗಾಳಿಯು ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರುಗಳನ್ನು ಹಾಯ್ದು ಮಲೆಯಾಳ ತೀರದ ವರೆಗೂ ತೆಂಕಣ ಪಯಣಕ್ಕೆ ಅನುಕೂಲ. ಬಡಗಣಕ್ಕೆ ಮರಳುವವನು ಇರುಳು ನೆಲದಿಂದ ಬೀಸುವ ಗಾಳಿಯನ್ನೂ ಹಗಲು ಕಡಲಿನಿಂದ ಬೀಸುವ ಗಾಳಿಯನ್ನೂ ಸರದಿಯಂತೆ ಹಿಡಿದು ಏರಬೇಕು. ಸಾಣಿಕಟ್ಟೆಯ ಉಪ್ಪು, 1865ರಲ್ಲಿ ಬಾಸೆಲ್ ಮಿಶನಿನವರು ಆರಂಭಿಸಿದ ಉದ್ಯಮದಿಂದ ಹೆಸರಾದ ಮಂಗಳೂರಿನ ಹಂಚು, ಅಕ್ಕಿ, ಮರಮಟ್ಟು ಹೀಗೆಯೇ ಸಾಗುತ್ತಿದ್ದವು. ತಾಂಡೇಲನಿಗೂ ಖಲಾಸಿಗಳಿಗೂ ವರ್ಷದ ಬಹುಭಾಗ ಆ ಹಲಗೆಯೇ ಮನೆ. ಪ್ಲಮರರು ವಿಲಾಸಕ್ಕಾಗಿ ಆರಿಸಿಕೊಂಡ ಋತುವಿನ ಪಯಣವು ಇವರಿಗೆ ಗಾಳಿಯೇ ವಿಧಿಸಿದ ದುಡಿಮೆಯಾಗಿತ್ತು.

ಈ ಬಾಳು ಪುಸ್ತಕಕ್ಕೆ ಏಕೆ ಬರಲಿಲ್ಲ? ಬರವಣಿಗೆ ಬಲ್ಲವರಲ್ಲಿ ಅನೇಕರಿಗೆ ಸಮುದ್ರಯಾನವು ನಿಷಿದ್ಧವೆಂಬ ನಂಬಿಕೆಯಿದ್ದಿತು. ಹಡಗನ್ನೇರಿದವರ ಕೈಗೆ ಲೇಖನಿಯನ್ನು ಯಾರೂ ಕೊಡಲಿಲ್ಲ. ಒಬ್ಬರಿಗೆ ಅಕ್ಷರ, ಇನ್ನೊಬ್ಬರಿಗೆ ಅನುಭವ, ನಡುವೆ ಸೇತುವೆಯಿಲ್ಲ. ನಮ್ಮ ಸಾಹಿತ್ಯದ ಈ ಬಡತನವು ಪ್ರತಿಭೆಯ ಬಡತನವಲ್ಲ, ಸಮಾಜದ ಏರ್ಪಾಟಿನ ಫಲವೆಂದೇ ನಮ್ಮ ಮತ.

“ಸರಕು ಹೊರುವವರ ದಿನಚರಿಯೂ ಸಾಹಿತ್ಯವಾಗುವುದೆ, ಸ್ವಾಮಿ?” ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಆಗಲೇಬೇಕೆಂಬ ನಿಯಮವಿಲ್ಲ. ಆದರೆ ಉಕ್ಕುವ ಅಲೆಯ ಮೇಲೆ ಅನ್ನದ ಮಡಕೆಯನ್ನು ಮಗುಚದಂತೆ ಕಾಯ್ದವನ ಒಂದು ಮಾತು, ದಡದಲ್ಲಿ ನಿಂತು ಮಾಡಿದ ನೂರು ಉಪಮೆಗಳಿಗಿಂತ ಕಡಲನ್ನು ಹತ್ತಿರಕ್ಕೆ ತರುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಈಗ ಕಾಲವೂ ಹೆಚ್ಚು ಉಳಿದಿಲ್ಲ. ಎಂಜಿನು ಬಂದಿತು, ಹೊಳೆಗಳಿಗೆ ಸೇತುವೆಯಾಯಿತು, 1998ರಲ್ಲಿ ಕೊಂಕಣ ರೈಲ್ವೆಯೂ ಪೂರ್ಣವಾಯಿತು. ಹಾಯಿಯ ಪತ್ತೆಮಾರಿ ತೀರದಿಂದ ಮರೆಯಾಯಿತು. ಅದರ ಮೇಲೆ ಎಳೆವೆಯನ್ನು ಕಳೆದವರು ಇದ್ದರೆ ಇಂದು ವೃದ್ಧರು. ಅವರ ಬಾಯಿಂದ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಕವಿತ್ವ ಬೇಡ, ತಾಳ್ಮೆಯಿದ್ದರೆ ಸಾಕು. ಇದು ಕರಾವಳಿಯವರ ಕೆಲಸವೆಂದು ಕೈಬಿಡುವುದೂ ಸಲ್ಲದು. ಬೇಸಗೆಯಲ್ಲಿ ಕುರಿಮಂದೆಯನ್ನು ಹೊಡೆದುಕೊಂಡು ನಮ್ಮ ಬಯಲಿಗೆ ಬಂದು, ಹೊಲದಲ್ಲಿ ಮಂದೆ ನಿಲ್ಲಿಸಿ, ಮುಂದಕ್ಕೆ ಸಾಗುವವರನ್ನು ನಾವೆಲ್ಲರೂ ಕಂಡವರೇ. ಅವರ ವರ್ಷದ ಲೆಕ್ಕವನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಕಡಲಾಗಲಿ ಬಯಲಾಗಲಿ, ಏರಿಯಿಂದ ಇಳಿದು ಹೋಗಿ ಕೇಳಿದ ದಿನ ನಮ್ಮ ಸಾಹಿತ್ಯದ ಈ ಕೊರತೆ ತುಂಬಲಾರಂಭಿಸುವುದು.