ಕೋಡಂಗಿ ಕುಣಿಯುವ ಹೊತ್ತಿಗೆ ಹೋಗಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಕ್ಷಗಾನಪ್ರಿಯರು ಈಗ ಮನೆಯಿಂದ ಹೊರಡುವುದೇ ಪ್ರಸಂಗ ಶುರುವಾಗುವ ಹೊತ್ತು ನೋಡಿಕೊಂಡು. ಪೂರ್ವರಂಗ ನಡೆದರೂ ಎದುರಿಗೆ ಖಾಲಿ ಕುರ್ಚಿಗಳು. ತೆಂಕುತಿಟ್ಟಿನ ನಾಟ್ಯ ಮಾತಿನ ಹಂಗಿಲ್ಲದೆ ಕಾಣಸಿಗುವ ಹೊತ್ತನ್ನೇ ಹೀಗೆ ಕಳೆದುಕೊಳ್ಳುತ್ತಿದ್ದೇವೆ.

ಕೇಳಿಕೊಟ್ಟು ಬಾರಿಸಿ ಊರಿಗೆ ಆಟದ ಸುದ್ದಿ ಮುಟ್ಟಿಸಿ, ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆ ರಂಗಸ್ಥಳಕ್ಕೆ ಬರುವವನು ಕೋಡಂಗಿ. ಅವನ ಹಿಂದೆ ಬಾಲಗೋಪಾಲರು, ಮುಖ್ಯ ಸ್ತ್ರೀವೇಷ. ಸಮಯವಿದ್ದರೆ ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಹೊಗಳಿಕೆ. ಕಥೆಯಿಲ್ಲದ ಕಾರಣ ಕಣ್ಣು ಕಾಲಿನ ಮೇಲೆ, ಕಿವಿ ಮದ್ದಳೆಯ ಮೇಲೆ ನಿಲ್ಲುತ್ತದೆ.

ಹಳೆಯ ಇಂಗ್ಲಿಷ್ ರಂಗಭೂಮಿಯಲ್ಲೂ ಕಥೆಗೆ ಮುಂಚಿನ ಇಂಥ ಭಾಗವೊಂದಿತ್ತು. ಅದನ್ನು ಇಂಡಕ್ಷನ್ ಎನ್ನುತ್ತಿದ್ದರು. ಮೂಲ ಲ್ಯಾಟಿನ್ ಪದಕ್ಕೆ ಒಳಗೆ ಕರೆದೊಯ್ಯುವುದು ಎಂದು ಅರ್ಥ. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕ, ಕ್ರಿಸ್ಟೋಫರ್ ಸ್ಲೈ ಎಂಬ ಕುಡುಕನನ್ನು ಸಿರಿವಂತನೆಂದು ನಂಬಿಸುವ ಅಂಥದೊಂದು ದೃಶ್ಯದಿಂದ ತೆರೆದುಕೊಳ್ಳುತ್ತದೆ. ಇಂದು ಎಷ್ಟೋ ತಂಡಗಳು ಅದನ್ನು ಬಿಟ್ಟೇ ನಾಟಕ ಆಡುತ್ತವೆ. ಕಂಪೆನಿಗಳು ಹೊಸ ನೌಕರರಿಗೆ ಕೊಡುವ ಮೊದಲ ತರಬೇತಿಗೂ ಇಂಡಕ್ಷನ್ ಎಂದೇ ಹೆಸರು. ನಮ್ಮ ಪೂರ್ವರಂಗ ಈ ಎರಡೂ ಕೆಲಸ ಮಾಡಿಕೊಂಡು ಬಂದಿದೆ: ಪ್ರೇಕ್ಷಕನನ್ನು ಆಟದೊಳಗೆ ಕರೆದುಕೊಳ್ಳುವುದು, ಹುಡುಗನನ್ನು ಮೇಳದೊಳಗೆ.

ಎರಡನೆಯದೇ ನನಗೆ ದೊಡ್ಡದು. ಮೇಳಕ್ಕೆ ಸೇರಿದ ಹುಡುಗ ಕಟ್ಟುವ ಮೊದಲ ವೇಷ ಕೋಡಂಗಿಯದು. ಕಿರೀಟದ ಭಾರವಿಲ್ಲ, ಅರ್ಥ ಹೇಳುವ ಅಂಜಿಕೆಯಿಲ್ಲ. ತಾಳ ತಪ್ಪದಿದ್ದರೆ ಸಾಕು. ಅಲ್ಲಿ ಕಾಲು ಪಳಗಿದರೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಮುಂದೆ ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ತಾಳಗಳು ನಿತ್ಯವೂ ಸಭೆಯೆದುರು ಕುಣಿದು ಕುಣಿದು ಮೈಗೆ ಹತ್ತುತ್ತವೆ. ಹಿಮ್ಮೇಳದಲ್ಲೂ ಹಾಗೆಯೇ. ಈ ಭಾಗಕ್ಕೆ ಹಾಡುವವನು ಎಳೆಯ ಭಾಗವತ, ಮೇಳದ ಮಾತಿನಲ್ಲಿ ‘ಸಂಗೀತ’ದವನು. ಸಭಾಲಕ್ಷಣದ ಪದ್ಯಗಳಲ್ಲಿ ಅವನ ಗಂಟಲು ಹದಗೊಳ್ಳುತ್ತದೆ.

ಧರ್ಮಸ್ಥಳದ ಲಲಿತಕಲಾ ಕೇಂದ್ರದಲ್ಲಿ ಕುರಿಯ ವಿಠಲ ಶಾಸ್ತ್ರಿ, ಪಡ್ರೆ ಚಂದು, ಕೆ. ಗೋವಿಂದ ಭಟ್ಟರಂಥವರು ಕ್ರಮವಾಗಿ ಹೆಜ್ಜೆ ಕಲಿಸಿದರು. ಆ ಋಣ ದೊಡ್ಡದು. ಈಗ ಶಾಲೆ, ಕಾಲೇಜುಗಳಲ್ಲೂ ನಾಟ್ಯ ತರಗತಿಗಳಿವೆ. ಮಕ್ಕಳು ಚೆನ್ನಾಗಿಯೇ ಕುಣಿಯುತ್ತಾರೆ. ಆದರೆ ತರಗತಿಯಲ್ಲಿ ಸಿಕ್ಕಿದ್ದು ಗಟ್ಟಿಯಾಗಬೇಕಾದರೆ ದೀಪಾವಳಿಯ ಹೊತ್ತಿನಿಂದ ಪತ್ತನಾಜೆಯವರೆಗೆ ಪ್ರತಿ ರಾತ್ರಿ ರಂಗಸ್ಥಳ ಬೇಕು. ಆ ಅವಕಾಶ ಕಲಿಕೆಯವರಿಗೆ ಸಿಗುತ್ತಿದ್ದುದು ಪೂರ್ವರಂಗದಲ್ಲಿ.

ಕಾಲಮಿತಿಯ ಆಟ ಬಂದ ಮೇಲೆ ಕತ್ತರಿ ಮೊದಲು ಬೀಳುವುದು ಇಲ್ಲಿಗೇ. ನಡುರಾತ್ರಿಗೆ ಮುಗಿಯಬೇಕಾದ ಆಟದಲ್ಲಿ ಎಲ್ಲವನ್ನೂ ತುಂಬಲಾಗದು, ಒಪ್ಪುತ್ತೇನೆ. ಆದರೂ ಯುದ್ಧದ ಸುತ್ತುಗಳನ್ನು, ಹಾಸ್ಯದ ಎಳೆದಾಟವನ್ನು ತುಸು ಮೊಟಕುಗೊಳಿಸಿದರೆ ಕೋಡಂಗಿಗೂ ಬಾಲಗೋಪಾಲರಿಗೂ ಅರ್ಧ ಗಂಟೆ ಸಿಕ್ಕೀತು. ಹರಕೆಯಾಟದಲ್ಲಿ ಆಡಿಸುವವರ ಮಾತಿಗೆ ಮೇಳದಲ್ಲಿ ಬೆಲೆಯಿದೆ. ದೇವೀಮಹಾತ್ಮೆಯೇ ಆಗಬೇಕೆಂದು ಕೇಳುವವರು ಪೂರ್ವರಂಗವೂ ಬೇಕೆಂದು ವೀಳ್ಯ ಕೊಡುವಾಗಲೇ ಹೇಳಲಿ. ಹೇಳಿದ ಮೇಲೆ ನೆಂಟರಿಷ್ಟರ ಜೊತೆ ಆ ಹೊತ್ತಿಗೆ ಬಂದು ಎದುರು ಕುಳಿತುಕೊಳ್ಳಲಿ.